ಕಿವಿ ಯಾಕೆ ಮಂದವಾಯ್ತು? ಒಂದು ‘ಮ್’ ಹೇಳಿ ನೋಡಿ

ಇವತ್ತು ಕಿವಿಯ ಇತಿಹಾಸ ಮಾತಾಡೋಣ. ಕಿವಿಗೂ ಇತಿಹಾಸವೇ ಅಂತ ನಗಬೇಡಿ. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯವರಿಗಂತೂ ಅದು ದಿನನಿತ್ಯಕ್ಕೆ ಬೇಕಾದ ಇತಿಹಾಸ.

1915ರಲ್ಲಿ ಮಸ್ಕಿಯಲ್ಲಿ ಅಶೋಕನ ಶಾಸನವನ್ನು ಗುರುತಿಸಿದವರು ಸಿ. ಬೀಡನ್. ಅವರು ಶಾಸನ ಹುಡುಕಿಕೊಂಡು ಬಂದವರಲ್ಲ, ಚಿನ್ನ ಹುಡುಕುತ್ತಿದ್ದ ಎಂಜಿನಿಯರ್. ಅದೇ ಚಿನ್ನದ ಪಟ್ಟಿಯಲ್ಲಿ, ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ, ಇವತ್ತಿಗೂ ಗಣಿ ನಡೀತಿದೆ. ಹಿಂದಿನವರು ಬಂಡೆಗೆ ಬೆಂಕಿ ಹಚ್ಚಿ, ಕಾಯಿಸಿ ಒಡೆಯುತ್ತಿದ್ದರು. ಆಮೇಲೆ ಡ್ರಿಲ್ ಬಂತು, ಜೊತೆಗೆ ಸದ್ದೂ ಬಂತು. ಇತ್ತ ಸಿಂಧನೂರಿಗೆ ತುಂಗಭದ್ರಾ ಎಡದಂಡೆ ಕಾಲುವೆ ನೀರು ತಂತು, ನೀರು ಭತ್ತ ತಂತು, ಭತ್ತದ ಹಿಂದೆ ರೈಸ್ ಮಿಲ್ಲುಗಳು ಬಂದವು.

ಸದ್ದಿನ ಕೆಲಸ ಕಿವಿ ತಿನ್ನುತ್ತೆ ಅನ್ನೋದು ಹೊಸ ಮಾತಲ್ಲ. ಇಟಲಿಯ ವೈದ್ಯ ರಾಮಾಜ್ಜೀನಿ 1713ರಲ್ಲೇ ತಾಮ್ರ ಬಡಿಯುವವರ ಕಿವುಡಿನ ಬಗ್ಗೆ ಬರೆದ. 1886ರಲ್ಲಿ ಗ್ಲಾಸ್ಗೋದ ಥಾಮಸ್ ಬಾರ್, ಬಾಯ್ಲರ್ ಕಟ್ಟುವ 100 ಕೆಲಸಗಾರರ ಕಿವಿಯ ಹತ್ತಿರ ಜೇಬು ಗಡಿಯಾರ ಹಿಡಿದು, ಎಷ್ಟು ದೂರದವರೆಗೆ ಟಿಕ್‌ ಟಿಕ್ ಕೇಳುತ್ತೆ ಅಂತ ನೋಡಿದ. ಒಬ್ಬರ ಕಿವಿಯೂ ಸರಿಯಿರಲಿಲ್ಲ.

ಆದರೆ ಕಿವಿ ಕೇಳಿಸದಿರುವುದಕ್ಕೆ ಕಾರಣ ಒಂದೇ ಅಲ್ಲ. ಮುಖ್ಯವಾಗಿ ಎರಡು ಬಗೆ. ಒಂದು, ದಾರಿ ಕಟ್ಟಿರುವುದು: ಗುಗ್ಗೆ ತುಂಬಿದೆ, ಕಿವಿ ಸೋರುತ್ತಿದೆ, ತಮಟೆಗೆ ತೂತು ಬಿದ್ದಿದೆ. ಇನ್ನೊಂದು, ಒಳಕಿವಿ ಅಥವಾ ನರ ಸೋತಿರುವುದು. ಇವೆರಡನ್ನು ಬೇರೆ ಮಾಡೋದು ಹೇಗೆ?

16ನೇ ಶತಮಾನದಲ್ಲಿ ಕಾರ್ಡಾನೋ ಎಂಬ ಇಟಲಿಯ ವೈದ್ಯ, ಹಲ್ಲಲ್ಲಿ ಕಚ್ಚಿದ ಕೋಲಿನ ಮೂಲಕವೂ ಸದ್ದು ಕೇಳುತ್ತೆ ಅಂತ ಬರೆದಿದ್ದ. ಅಂದರೆ ಸದ್ದು ಮೂಳೆಯಿಂದಲೂ ಒಳಗೆ ಹೋಗುತ್ತೆ. 1711ರಲ್ಲಿ ಇಂಗ್ಲೆಂಡಿನ ವಾದ್ಯಗಾರ ಜಾನ್ ಶೋರ್ ಶ್ರುತಿಕವೆ ಮಾಡಿದ. 1834ರಲ್ಲಿ ಜರ್ಮನಿಯ ವೆಬರ್ ಒಂದು ವಿಚಿತ್ರ ಗಮನಿಸಿದ: ಒಂದು ಕಿವಿ ಮುಚ್ಚಿಕೊಂಡರೆ ಮೂಳೆಯಿಂದ ಬರುವ ಸದ್ದು ಮುಚ್ಚಿದ ಕಿವಿಯಲ್ಲೇ ಜೋರು! 1855ರಲ್ಲಿ ರಿನ್ನೆ ಇನ್ನೊಂದು ಪರೀಕ್ಷೆ ಸೇರಿಸಿದ. ಕಿವಿ ಡಾಕ್ಟರು ಇವತ್ತಿಗೂ ಇವರಿಬ್ಬರ ಹೆಸರಲ್ಲೇ ಪರೀಕ್ಷೆ ಮಾಡ್ತಾರೆ.

ನಿಮಗೆ ಶ್ರುತಿಕವೆ ಬೇಡ, ಗಂಟಲು ಸಾಕು. ಈಗಲೇ ಬಲಗಿವಿಗೆ ಬೆರಳಿಟ್ಟು, ತುಟಿ ಮುಚ್ಚಿ ‘ಮ್‌ಮ್’ ಅನ್ನಿ. ಸದ್ದು ಬಲಕ್ಕೆ ಹೋಯ್ತಾ? ವೆಬರ್ ಕಂಡದ್ದು ಇದನ್ನೇ. ಇನ್ನು ಒಂದೇ ಕಿವಿ ಮಂದವಾಗಿರುವವರು ಬೆರಳಿಡದೆ ‘ಮ್‌ಮ್’ ಅನ್ನಲಿ. ಮಂದ ಕಿವಿಯಲ್ಲೇ ಜೋರು ಕೇಳಿದರೆ ದಾರಿ ಕಟ್ಟಿರಬಹುದು. ಒಳ್ಳೆ ಕಿವಿಯಲ್ಲಿ ಜೋರಾದರೆ ನರದ ಕಡೆ ಅನುಮಾನ.

ಇದಕ್ಕೊಂದು ಮಿತಿ ಇದೆ, ಅದು ನಮ್ಮ ಸೀಮೆಯವರಿಗೇ ಹೆಚ್ಚು ತಟ್ಟುವಂಥದ್ದು. ಗಣಿ, ಗಿರಣಿಯ ಸದ್ದು ಸಾಮಾನ್ಯವಾಗಿ ಎರಡೂ ಕಿವಿಗಳನ್ನು ಸಮನಾಗಿ ಕೆಡಿಸುತ್ತೆ. ಆಗ ‘ಮ್’ ಸದ್ದು ನಡುವೆಯೇ ನಿಲ್ಲುತ್ತೆ, ಎಲ್ಲ ಸರಿಯಿದೆ ಅನ್ನಿಸಿಬಿಡುತ್ತೆ. ಅಂಥವರಿಗೆ ಪಿಸುಮಾತಿನ ಪರೀಕ್ಷೆ ಬೇಕು. ಮನೆಯವರು ಒಂದು ಕೈ ದೂರದಲ್ಲಿ ಬೆನ್ನ ಹಿಂದೆ ನಿಂತು, ಉಸಿರಲ್ಲೇ ಮೂರು ಅಂಕಿ ಹೇಳಲಿ. ಆ ಹೊತ್ತಿಗೆ ಇನ್ನೊಂದು ಕಿವಿಯನ್ನು ಬೆರಳಿಂದ ಒತ್ತಿ ಉಜ್ಜುತ್ತಿರಬೇಕು. ಎರಡು ಸಲವೂ ತಪ್ಪಾದರೆ ಆ ಕಿವಿಯನ್ನು ಡಾಕ್ಟರಿಗೆ ತೋರಿಸಬೇಕು.

ಇನ್ನೊಂದು ಗುರುತು ಊಟದ ಎಲೆಯಲ್ಲೇ ಸಿಗುತ್ತೆ. ಸದ್ದಿನ ಏಟು ಮೊದಲು ಬೀಳೋದು ಕೀಚು ಸ್ವರಗಳ ಮೇಲೆ, ಸ, ಶ, ತ ಥರದ ಅಕ್ಷರಗಳ ಮೇಲೆ. ನೀವು ‘ಸಾಕು’ ಅಂತೀರಿ, ಅವರಿಗೆ ‘ಹಾಕು’ ಅಂತ ಕೇಳುತ್ತೆ. ‘ಕೇಳ್ತದ, ಆದ್ರ ತಿಳಿಯಂಗಿಲ್ಲ’ ಅನ್ನೋ ಮಾತು ಇಲ್ಲಿಂದಲೇ ಬರೋದು. ‘ವಯಸ್ಸಾತು ಬಿಡ್ರಿ’ ಅಂತ ನಾವು ಮಾತು ಮುಗಿಸ್ತೀವಿ. ಆದರೆ 1948ರ ಕಾರ್ಖಾನೆ ಕಾಯ್ದೆಯ ರೋಗಗಳ ಪಟ್ಟಿಗೆ ಸದ್ದಿನ ಕಿವುಡೂ ಸೇರಿತು. ಅಂದರೆ ಕಾನೂನು ಅದನ್ನು ವಯಸ್ಸಿನ ಲೆಕ್ಕಕ್ಕೆ ಬಿಡಲಿಲ್ಲ, ದುಡಿಮೆಯ ಲೆಕ್ಕಕ್ಕೆ ಹಾಕಿತು. ಹಾಗಾಗಿ ಡಾಕ್ಟರ ಮುಂದೆ ಕೂತಾಗ ಎಲ್ಲಿ, ಎಷ್ಟು ವರ್ಷ ದುಡಿದಿರಿ ಅನ್ನೋದನ್ನು ಮರೆಯದೆ ಹೇಳಿ.

ಕಾಯಿಸಿದ ಎಣ್ಣೆ ಮಾತ್ರ ಹಾಕಬೇಡಿ. ಸೋತ ನರಕ್ಕೆ ಅದರಿಂದ ಉಪಯೋಗವಿಲ್ಲ, ತೂತಾದ ತಮಟೆಗೆ ಅಪಾಯ. ಕಡ್ಡಿ, ಪಿನ್ನು ಕೂಡ ಬೇಡ.

ಒಂದು ಸಂಗತಿಯನ್ನಂತೂ ಮುಂದೂಡಲೇಬೇಡಿ. ಬೆಳಿಗ್ಗೆ ಎದ್ದಾಗ ಒಂದು ಕಿವಿ ಇದ್ದಕ್ಕಿದ್ದಂತೆ ಬಂದ್ ಆಗಿದ್ದು, ‘ಮ್’ ಸದ್ದು ಒಳ್ಳೆ ಕಿವಿಗೆ ಹೋಗ್ತಿದ್ದರೆ ಅದು ಗುಗ್ಗೆ ಅಲ್ಲದಿರಬಹುದು. ಇದಕ್ಕೆ ಮದ್ದಿದೆ, ಆದರೆ ಎರಡು ವಾರದೊಳಗೆ ಶುರುವಾದರೆ ಫಲ ಹೆಚ್ಚು. ಸಂತೆ ಮುಗೀಲಿ, ನಾಟಿ ಮುಗೀಲಿ ಅನ್ನದೆ ಅವತ್ತೇ ತಾಲೂಕು ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ರಾಯಚೂರಿನ ರಿಮ್ಸ್‌ಗೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಷ್ಟರೊಳಗೆ ಮನೆಯ ಹಿರಿಯರ ಹತ್ತಿರ ಒಮ್ಮೆ ‘ಮ್’ ಅನ್ನಿಸಿ ನೋಡಿ.