ಡ್ಯೂರರನ ಖಡ್ಗಮೃಗ: ಪಾಠನಿರ್ಣಯಕ್ಕೆ ಒಂದು ದೃಷ್ಟಾಂತ

ಗ್ರಂಥಸಂಪಾದನೆಯಲ್ಲಿ ಪ್ರತಿಗಳನ್ನು ಎಣಿಸುವುದಕ್ಕಿಂತ ತೂಗಿ ನೋಡುವುದು ಮುಖ್ಯವೆಂಬುದನ್ನು ವಿದ್ವಾಂಸರು ಬಲ್ಲರು. ಈ ನಿಯಮವು ಓಲೆಗರಿಗಳಿಗೆ ಮಾತ್ರವೇ ಅಲ್ಲದೆ ಚಿತ್ರಗಳಿಗೂ ಸಲ್ಲುವುದೆಂಬುದಕ್ಕೆ ಯೂರೋಪಿನ ಪ್ರಾಣಿಶಾಸ್ತ್ರಗ್ರಂಥಗಳಲ್ಲಿನ ಖಡ್ಗಮೃಗವು ಒಳ್ಳೆಯ ನಿದರ್ಶನವಾಗಿದೆ.

ಗುಜರಾತಿನ ಸುಲ್ತಾನ ಎರಡನೆಯ ಮುಜಫರ್ ಷಹನು ಪೋರ್ಚುಗೀಸರಿಗೆ ಕಾಣಿಕೆಯಾಗಿತ್ತ ಖಡ್ಗಮೃಗವೊಂದನ್ನು ಅವರ ಗವರ್ನರನಾದ ಆಲ್ಬುಕರ್ಕನು ಗೋವೆಯಿಂದ ದೊರೆ ಮಾನುಯೆಲನಿಗೆ ಕಳುಹಿಸಿದನು. ಅದು 1515ನೆಯ ಇಸವಿ ಮೇ 20ರಂದು ಲಿಸ್ಬನ್ ರೇವನ್ನು ಮುಟ್ಟಿತು. ಪೋರ್ಚುಗೀಸರು ಅದನ್ನು 'ಗಂಡಾ' ಎಂದು ಕರೆದರು. ಇದು ಸಂಸ್ಕೃತದ 'ಗಂಡಕ' ಶಬ್ದಕ್ಕೆ ಸಂಬಂಧಿಸಿದ ಹೆಸರೇ ಆಗಿದೆ.

ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರನು ಈ ಮೃಗವನ್ನು ಕಣ್ಣಾರೆ ಕಂಡವನಲ್ಲ. ಲಿಸ್ಬನ್ನಿನಿಂದ ಬಂದ ಪತ್ರವೊಂದರ ವರ್ಣನೆಯನ್ನೂ ಅದರೊಡನಿದ್ದ ರೇಖಾಚಿತ್ರವನ್ನೂ ಆಧರಿಸಿ, ಅದೇ ವರ್ಷ ಮರದ ಅಚ್ಚಿನ ಚಿತ್ರವೊಂದನ್ನು ಪ್ರಕಟಿಸಿದನು. ಚರ್ಮದ ಮಡಿಕೆಗಳು ಅವನ ಕೈಯಲ್ಲಿ ಕವಚದ ತಗಡುಗಳಾದುವು. ಕಾಲುಗಳಿಗೆ ಹುರುಪೆಗಳು ಬಂದುವು. ಹೆಗಲ ಮೇಲೆ ಇಲ್ಲದ ಕಿರುಗೊಂಬೊಂದು ಮೂಡಿತು. ಮೃಗವು ಬಂದ ವರ್ಷವು ಸಹ ತಲೆಬರಹದಲ್ಲಿ 1513 ಎಂದು ತಪ್ಪಾಗಿ ಬಿದ್ದಿದೆ.

ಅದೇ ವರ್ಷ ಔಗ್ಸ್‌ಬರ್ಗಿನ ಹನ್ಸ್ ಬುರ್ಕ್‌ಮೈರನೂ ಒಂದು ಅಚ್ಚನ್ನು ತೆಗೆದನು. ಅದರಲ್ಲಿ ಕಿರುಗೊಂಬಿಲ್ಲ, ಮುಂಗಾಲುಗಳಿಗೆ ಕಟ್ಟಿದ ಹಗ್ಗವೂ ಕಾಣುತ್ತದೆ. ಇದು ನಿಜಕ್ಕೆ ಹೆಚ್ಚು ಹತ್ತಿರವಾದ ಪಾಠ. ಆದರೆ ಇದರ ಒಂದೇ ಪ್ರತಿ ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹದಲ್ಲಿ ಉಳಿದಿದೆ. ಡ್ಯೂರರನ ಅಚ್ಚಾದರೋ ಎಂಟು ಆವೃತ್ತಿಗಳನ್ನು ಕಂಡಿತು. 1551ರಲ್ಲಿ ಗೆಸ್ನರನು ತನ್ನ ಪ್ರಾಣಿಚರಿತ್ರೆಯಲ್ಲಿ ಅದನ್ನೇ ಅನುಸರಿಸಿದನು. ಅವನನ್ನು ಇತರರು ಅನುಸರಿಸಿದರು. 1741ರಲ್ಲಿ ಹಾಲೆಂಡಿಗೆ ಬಂದು ಹಲವು ದೇಶಗಳನ್ನು ಸುತ್ತಿದ 'ಕ್ಲಾರಾ' ಎಂಬ ಹೆಣ್ಣು ಖಡ್ಗಮೃಗವನ್ನು 1749ರಲ್ಲಿ ಊದ್ರಿಯು ಪ್ಯಾರಿಸಿನಲ್ಲಿ ಪ್ರತ್ಯಕ್ಷವಾಗಿ ಕಂಡು ಚಿತ್ರಿಸಿದನು. ಆ ಚಿತ್ರವು ಬ್ಯುಫೋನನ ಗ್ರಂಥಕ್ಕೆ ಆಧಾರವಾದ ಮೇಲೆ ಹಳೆಯ ರೂಪವು ಹಿಂದೆ ಸರಿಯಿತು.

ಇಲ್ಲಿ ಗಮನಿಸತಕ್ಕದ್ದು ಆ ಕಿರುಗೊಂಬು. ಅದು ಎಲ್ಲೆಲ್ಲಿ ಕಾಣುವುದೋ ಅಲ್ಲೆಲ್ಲ ಡ್ಯೂರರನ ಸಂತತಿಯೆಂದು ನಿಸ್ಸಂಶಯವಾಗಿ ಹೇಳಬಹುದು. ಸಮಾನವಾದ ಸ್ಖಾಲಿತ್ಯವು ಸಮಾನವಾದ ಮೂಲವನ್ನು ಸೂಚಿಸುತ್ತದೆ. ಅಂತಹ ಪ್ರತಿಗಳು ನೂರಿದ್ದರೂ ಸಾಕ್ಷಿ ಒಂದೇ.

ಮೂಲಮೃಗವು ಪೋಪನಾದ ಹತ್ತನೆಯ ಲಿಯೋಗೆ ಕಾಣಿಕೆಯಾಗಿ ಹೋಗುತ್ತಿದ್ದಾಗ, 1516ರ ಆದಿಯಲ್ಲಿ, ಇಟಲಿಯ ತೀರದಲ್ಲಿ ಹಡಗಿನೊಡನೆ ಮುಳುಗಿತು. ಬಳಿಕ ಬಹುಕಾಲ ಪ್ರತಿಯೇ ಪ್ರಮಾಣವಾಗಿ ನಿಂತಿತು. ನಮ್ಮ ಕಾವ್ಯಗಳ ಪಾಠವನ್ನು ನಿರ್ಣಯಿಸುವಾಗಲೂ, ಹೆಚ್ಚು ಪ್ರತಿಗಳ ಒಪ್ಪಿಗೆಯನ್ನು ಕಂಡು ಏಕೈಕ ಪ್ರತಿಯ ಪಾಠವನ್ನು ತಳ್ಳಿಹಾಕುವ ಮೊದಲು ಈ ಕಿರುಗೊಂಬನ್ನು ನೆನೆಯುವುದು ಉಚಿತ.