ರಾಜ್ಯೋತ್ಸವದ ಹಳದಿ–ಕೆಂಪು ಬಾವುಟ ಕೊಟ್ಟವರು ಪತ್ತೇದಾರಿ ಕಾದಂಬರಿಕಾರ: ಮ. ರಾಮಮೂರ್ತಿ ಯಾರು ಗೊತ್ತುಂಟಾ?

ನಾರಾವಿ: ನವೆಂಬರ್ 1 ಬಂತೆಂದರೆ ರಿಕ್ಷಾದಲ್ಲಿ, ಅಂಗಡಿ ಎದುರಲ್ಲಿ, ಶಾಲೆಯ ಗೇಟಿನಲ್ಲಿ ಹಳದಿ–ಕೆಂಪು ಬಾವುಟ. ಮನೆಯಲ್ಲಿ ತುಳು, ಕೊಂಕಣಿ ಮಾತಾಡುವವರೂ ಅವತ್ತು ಅದನ್ನು ಕಟ್ಟುತ್ತಾರೆ. ಇದನ್ನು ಮಾಡಿದ್ದು ಯಾರು? ಸರಕಾರವೇ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ಮಾಡಿದವರು ಮ. ರಾಮಮೂರ್ತಿ ಎಂಬ ಪತ್ತೇದಾರಿ ಕಾದಂಬರಿಕಾರ.

ರಾಮಮೂರ್ತಿ ಹುಟ್ಟಿದ್ದು 1918ರಲ್ಲಿ. ತಂದೆ ವೀರಕೇಸರಿ ಸೀತಾರಾಮ ಶಾಸ್ತ್ರಿ, ಪತ್ರಕರ್ತರು, ಕಾದಂಬರಿಯನ್ನೂ ಬರೆದವರು. ಮಗನೂ ಅದೇ ದಾರಿ ಹಿಡಿದರು. ಬರೆದ ಪತ್ತೇದಾರಿ ಕಾದಂಬರಿಗಳು 150ಕ್ಕೂ ಹೆಚ್ಚು. ಟಿ.ವಿ. ಇಲ್ಲದ ಕಾಲ ಅದು. ಸಣ್ಣ ಸೈಜಿನ, ಅಗ್ಗದ ಕಾಗದದ ಇಂಥ ಪುಸ್ತಕಗಳನ್ನು ಜನ ಬಸ್‌ಸ್ಟ್ಯಾಂಡಿನಲ್ಲಿ ಕೊಳ್ಳುತ್ತಿದ್ದರು, ಬಾಡಿಗೆಗೆ ತಂದು ಓದುತ್ತಿದ್ದರು. ಅದೇ ಕಾಲದ ಎನ್. ನರಸಿಂಹಯ್ಯ ಓದಿದ್ದು ನಾಲ್ಕನೇ ಕ್ಲಾಸು ಮಾತ್ರ, ಬರೆದದ್ದು 500ರಷ್ಟು! ಡಿಗ್ರಿ ಅರ್ಧಕ್ಕೆ ಬಿಟ್ಟ ನನ್ನಂಥವರಿಗೆ ಇದು ಸ್ವಲ್ಪ ಸಮಾಧಾನದ ಸಂಗತಿ. ಆದರೆ ದೊಡ್ಡ ವಿಮರ್ಶಕರು ಪತ್ತೇದಾರಿ ಬರೆಯುವವರನ್ನು ಸಾಹಿತಿಗಳ ಸಾಲಿನಲ್ಲಿ ಕೂರಿಸಿದ್ದು ಕಡಿಮೆ.

1960ರ ದಶಕದಲ್ಲಿ ರಾಮಮೂರ್ತಿ ಬೀದಿಗಿಳಿದರು. ರಾಜಧಾನಿ ಬೆಂಗಳೂರಿನಲ್ಲೇ ಕನ್ನಡ ಸಿನಿಮಾಕ್ಕೆ ಥಿಯೇಟರ್ ಸಿಗುವುದು ಕಷ್ಟ ಎಂಬ ಸ್ಥಿತಿ ಆಗ. ಅ.ನ.ಕೃ., ವಾಟಾಳ್ ನಾಗರಾಜ್ ಮುಂತಾದವರ ಜತೆ ಹೋರಾಟಕ್ಕೆ ನಿಂತರು, ಕನ್ನಡ ಪಕ್ಷ ಕಟ್ಟಿದರು. ಹೋರಾಟಕ್ಕೆ ಒಂದು ಗುರುತು ಬೇಕಿತ್ತು. ಅರಿಶಿನ, ಕುಂಕುಮದ ಬಣ್ಣ ತೆಗೆದುಕೊಂಡು ಬಾವುಟ ಮಾಡಿದರು. ಯಾರ ಆದೇಶವೂ ಇಲ್ಲದೆ ಅದು ರಾಜ್ಯವಿಡೀ ಹಬ್ಬಿತು.

ಅದನ್ನು ನೋಡುವಷ್ಟು ಆಯುಷ್ಯ ಅವರಿಗಿರಲಿಲ್ಲ. 1967ರ ಡಿಸೆಂಬರ್ 25ರಂದು ತಮ್ಮ ಜಮೀನಿನಲ್ಲಿ ಬಾವಿ ತೋಡಿಸುವಾಗ ಮಣ್ಣು ಕುಸಿಯಿತು. ರಾಮಮೂರ್ತಿ ಮತ್ತು ಇಬ್ಬರು ಗಂಡುಮಕ್ಕಳು ಅದರಡಿ ಸಿಕ್ಕಿ ತೀರಿಕೊಂಡರು. ಅವರಿಗೆ ಆಗ 49 ವರ್ಷ. ಒಂದೇ ದಿನ ಗಂಡ, ಇಬ್ಬರು ಮಕ್ಕಳು ಹೋದ ಮನೆಯಲ್ಲಿ ಆ ತಾಯಿ ಹೇಗಿದ್ದಿರಬಹುದು! ಬಾವಿಯ ಮಣ್ಣು ಜರಿಯುವುದು ಅಂದರೆ ಏನು ಅಂತ ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

2018ರ ಮಾರ್ಚಿನಲ್ಲಿ ಸಿದ್ದರಾಮಯ್ಯ ಸರಕಾರ ಈ ಬಾವುಟದ ನಡುವೆ ಬಿಳಿ ಪಟ್ಟಿ, ಗಂಡಭೇರುಂಡ ಇರುವ ಲಾಂಛನ ಸೇರಿಸಿ ಕೇಂದ್ರದ ಒಪ್ಪಿಗೆ ಕೇಳಿತು. ಒಪ್ಪಿಗೆ ಬಂದಿಲ್ಲ. ಆದರೆ ಜನ ಕಟ್ಟುವುದು ಈಗಲೂ ರಾಮಮೂರ್ತಿಯವರ ಎರಡೇ ಬಣ್ಣ.

ಬಾವುಟ ಉಳಿಯಿತು, ಕಾದಂಬರಿ ಸಿಗುವುದು ಕಷ್ಟ. ಅಗ್ಗದ ಕಾಗದ ಬೇಗ ಪುಡಿಯಾಗುತ್ತದೆ, ನಮ್ಮ ಮಳೆಗಾಲದ ತೇವಕ್ಕಂತೂ ಗೆದ್ದಲು, ಬೂಸ್ಟು ಗ್ಯಾರಂಟಿ. ಅಜ್ಜನ ಕಾಲದ ಪುಸ್ತಕ ಅಟ್ಟದಲ್ಲಿ ಇದ್ದರೆ ಗುಜರಿಗೆ ತೂಕಕ್ಕೆ ಹಾಕುವ ಮೊದಲು ರಟ್ಟಿನ ಮೇಲಿನ ಹೆಸರು ಒಮ್ಮೆ ನೋಡಿ. ಮ. ರಾಮಮೂರ್ತಿ ಅಂತ ಇದ್ದರೆ ಫೋಟೊ ತೆಗೆದು ನಮಗೂ ಕಳುಹಿಸಿ.