ಅಂದಿನ ಹೈಸ್ಕೂಲು: ಜಮಖಂಡಿಯಿಂದ ಪುಣೆಯವರೆಗಿನ ದಾರಿ

ನವೆಂಬರ ತಿಂಗಳೆಂದರೆ ಹೊರನಾಡ ಕನ್ನಡಿಗರಾದ ನಮಗೆ ರಾಜ್ಯೋತ್ಸವದ ತಿಂಗಳು. ಬ್ಯಾಂಕಿನ ಕಾರಕೂನರಿಗೆ ಅದು ಮತ್ತೊಂದು ಕಾರಣಕ್ಕಾಗಿ ನೆನಪಿನಲ್ಲಿರುವ ತಿಂಗಳೂ ಹೌದು. ಪೆನ್ಶನ್ ಪಡೆಯುವ ಹಿರಿಯರು ತಾವು ಬದುಕಿರುವುದರ ದಾಖಲೆಯನ್ನು ಕೊಡಲು ಸಾಲುಗಟ್ಟಿ ಬರುವುದು ಇದೇ ತಿಂಗಳಿನಲ್ಲಿ. ಪುಣೆಯವರು ಅದನ್ನು ‘ಹಯಾತೀಚಾ ದಾಖಲಾ’ ಎನ್ನುತ್ತಾರೆ. ಹೀಗೆ ಬಂದ ಹಿರಿಯರೊಬ್ಬರು ನಮ್ಮ ಎದುರಿನ ಕುರ್ಚಿಯಲ್ಲಿ ಕುಳಿತು, ನಮ್ಮ ಹೆಸರಿನ ಪಟ್ಟಿಯನ್ನು ಓದಿ, “ತಮ್ಮಾ, ನೀವು ಕನ್ನಡದವರೇನು?” ಎಂದು ಕೇಳಿದರು. ಹೌದೆಂದೆವು. ಅವರ ಮುಖ ಅರಳಿತು. “ನಮ್ಮದು ಜಮಖಂಡಿ. ಅಲ್ಲೇ ಹೈಸ್ಕೂಲ ಕಲತೆ. 1955ಕ್ಕ ಎಸ್.ಎಸ್.ಸಿ. ಪಾಸಾದೆ. ಸಾಲಿ ನಮ್ಮೂರದು, ಸರ್ಟಿಫಿಕೇಟ ಮಾತ್ರ ಪುಣೆದು!” ಎಂದು ನಕ್ಕರು. ಬಳಿಕ ಫಾರ್ಮಿನ ಮೇಲೆ ಸ್ಪಷ್ಟವಾದ ಕನ್ನಡದಲ್ಲಿ ರುಜು ಮಾಡಿದರು. ಜೊತೆಗೆ ಬಂದಿದ್ದ ಮೊಮ್ಮಗನು ಆ ರುಜುವನ್ನು ನೋಡಿ ಸುಮ್ಮನಿದ್ದನು. ಅವನಿಗೆ ಅದನ್ನು ಓದಲು ಬರುತ್ತಿರಲಿಲ್ಲ.

ಆ ಹಿರಿಯರ ಮಾತು ವಿನೋದದ್ದಾದರೂ ಅದರಲ್ಲಿ ನೂರು ವರ್ಷಗಳ ಇತಿಹಾಸ ಅಡಗಿದೆ. 1956ರ ನವೆಂಬರ 1ರ ವರೆಗೆ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿದ್ದವು. ಎಸ್.ಎಸ್.ಸಿ. ಪರೀಕ್ಷಾ ಮಂಡಳದ ಕಚೇರಿ ಪುಣೆಯಲ್ಲಿದ್ದಿತು. ಅದಕ್ಕೂ ಮೊದಲು ಮೆಟ್ರಿಕ್ಯುಲೇಶನ್ ಪರೀಕ್ಷೆಯನ್ನು ನಡೆಸುತ್ತಿದ್ದುದು 1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯ. ಆದುದರಿಂದ ಉತ್ತರ ಕರ್ನಾಟಕದ ಸಣ್ಣ ಊರಿನ ಹೈಸ್ಕೂಲು ಹುಡುಗನ ಕಣ್ಣು ಯಾವಾಗಲೂ ಈ ಕಡೆಗೇ ತಿರುಗಿರುತ್ತಿದ್ದಿತು. ಆ ಹುಡುಗರು ಹೇಗೆ ಕಲಿತರು, ಏನನ್ನು ಕಳೆದುಕೊಂಡರು, ಏನನ್ನು ಗಳಿಸಿದರು ಎಂಬುದನ್ನು ಈ ಸಂದರ್ಭದಲ್ಲಿ ನೆನೆಯುವುದು ಉಚಿತವೆಂದು ತಿಳಿಯುತ್ತೇವೆ.

ಕನ್ನಡದ ನೆಲ, ಬೇರೆಯ ನುಡಿ

ಧಾರವಾಡದಲ್ಲಿ ಇಂಗ್ಲಿಷ್ ಸಾಲೆ ಆರಂಭವಾದದ್ದು 1848ರಲ್ಲಿ. ಪೇಶವೆಯರ ಆಳಿಕೆ ಮುಗಿದು ಮೂವತ್ತು ವರ್ಷಗಳಾಗಿದ್ದರೂ ಕಚೇರಿಗಳಲ್ಲಿ ಮರಾಠಿಯ ಬಳಕೆ ಹೋಗಿರಲಿಲ್ಲ. ಲೆಕ್ಕಪತ್ರಗಳನ್ನು ಮೋಡಿ ಲಿಪಿಯಲ್ಲಿ ಬರೆಯುವುದು ವಾಡಿಕೆಯಾಗಿದ್ದಿತು. ಕನ್ನಡ ಮನೆಯ ಹುಡುಗರೂ ಸಾಲೆಯಲ್ಲಿ ಮರಾಠಿಯನ್ನೇ ಕಲಿಯುತ್ತಿದ್ದರು. ಈ ಸ್ಥಿತಿಯನ್ನು ಬದಲಿಸಲು ದುಡಿದವರಲ್ಲಿ ಮೊದಲು ನೆನೆಯಬೇಕಾದವರು ಡೆಪ್ಯೂಟಿ ಚನ್ನಬಸಪ್ಪನವರು (1834–1881). ಧಾರವಾಡದಲ್ಲಿ ಹುಟ್ಟಿದ ಅವರು ಇಂಗ್ಲಿಷು ಕಲಿಯುವುದಕ್ಕಾಗಿ ಪುಣೆಗೆ ಬಂದರು. ಕಲಿತವರು ಇಲ್ಲಿಯೇ ನಿಲ್ಲದೆ ತಿರುಗಿ ಹೋದರು. ಶಿಕ್ಷಣ ಖಾತೆಯಲ್ಲಿ ಅಧಿಕಾರಿಯಾಗಿ ಊರೂರಿಗೆ ಕನ್ನಡ ಸಾಲೆಗಳನ್ನು ತೆರೆಸಿದರು. ಶೇಕ್ಸ್‌ಪಿಯರನ ನಾಟಕವೊಂದನ್ನು ‘ನಗದವರನ್ನು ನಗಿಸುವ ಕಥೆ’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಪುಣೆಯ ವಿದ್ಯೆ ಕನ್ನಡಕ್ಕೆ ಒದಗಿದ ಮೊದಲ ಉದಾಹರಣೆಗಳಲ್ಲಿ ಇದೊಂದು.

1890ರ ಜುಲೈ 20ರಂದು ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. ಆ ಬಳಿಕ ಸಾಲೆಯ ಹುಡುಗರ ಕೈಗೆ ಕನ್ನಡ ಪುಸ್ತಕಗಳು ಹೆಚ್ಚು ಹೆಚ್ಚಾಗಿ ಬರತೊಡಗಿದವು. ಆದರೂ ಹೈಸ್ಕೂಲಿನ ಕಲಿಕೆಯೆಲ್ಲ ಇಂಗ್ಲಿಷಿನಲ್ಲಿಯೇ. ಮೊದಲು ಕನ್ನಡದ ಕೆಲವು ಇಯತ್ತೆಗಳು. ಅನಂತರ ಇಂಗ್ಲಿಷ್ ಒಂದನೆಯ ಇಯತ್ತೆಯಿಂದ ಏಳನೆಯದರ ವರೆಗೆ. ಆ ಏಳನೆಯದೇ ಮೆಟ್ರಿಕ್. ಇಂಗ್ಲಿಷಿಗೆ ಹೋಗಲಾರದವರು ಕನ್ನಡ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡುತ್ತಿದ್ದರು. ಮುಲ್ಕಿ ಪಾಸಾದವನು ಹಳ್ಳಿಯ ಸಾಲೆಯ ಮಾಸ್ತರನಾಗಬಹುದಿತ್ತು. ಮೆಟ್ರಿಕ್ ಪಾಸಾದವನಿಗೆ ಸರಕಾರಿ ಕಚೇರಿಯ ಬಾಗಿಲು ತೆರೆಯುತ್ತಿದ್ದಿತು. ಈ ಎರಡು ಪರೀಕ್ಷೆಗಳ ನಡುವಿನ ಅಂತರವು ಎಷ್ಟೋ ಮನೆತನಗಳ ಹಣೆಯ ಬರಹವನ್ನೇ ನಿರ್ಣಯಿಸಿತು.

ಬಾಗಿಲ ಹೊರಗೆ ನಿಂತ ಹುಡುಗ

ಹಳೆಯ ಸಾಲೆಗಳ ನೆನಪನ್ನು ಸವಿಯುವಾಗ ಒಂದು ಕಹಿ ಸಂಗತಿಯನ್ನು ಬಿಟ್ಟು ಹೇಳುವುದು ನ್ಯಾಯವಲ್ಲ. 1856ರ ಜೂನ್ ತಿಂಗಳಲ್ಲಿ ಮಹಾರ ಜಾತಿಯ ಹುಡುಗನೊಬ್ಬನು ಧಾರವಾಡದ ಸರಕಾರಿ ಸಾಲೆಗೆ ತನ್ನನ್ನು ಸೇರಿಸಿಕೊಳ್ಳಬೇಕೆಂದು ಕೇಳಿಕೊಂಡನು. ಸೇರಿಸಿಕೊಳ್ಳಲಿಲ್ಲ. ಅವನು ಅಷ್ಟಕ್ಕೆ ಬಿಡದೆ ಮುಂಬಯಿ ಸರಕಾರಕ್ಕೆ ಅರ್ಜಿ ಬರೆದುಕೊಂಡನು. ಒಬ್ಬನಿಗಾಗಿ ಉಳಿದವರೆಲ್ಲ ಸಾಲೆ ಬಿಟ್ಟಾರೆಂದು ಸರಕಾರ ಆ ಅರ್ಜಿಯನ್ನು ತಳ್ಳಿಹಾಕಿತು. ವಿಷಯ ಕಲಕತ್ತೆಗೆ ಹೋಯಿತು, ಅಲ್ಲಿಂದ ಲಂಡನ್ನಿಗೆ ಹೋಯಿತು. ಸರಕಾರದ ಹಣದಿಂದ ನಡೆಯುವ ಸಾಲೆಗಳು ಜಾತಿಭೇದವಿಲ್ಲದೆ ಎಲ್ಲರಿಗೂ ತೆರೆದಿರಬೇಕೆಂದು 1858ರಲ್ಲಿ ಕಂಪನಿಯ ಡೈರೆಕ್ಟರರು ಬರೆದು ತಿಳಿಸಿದರು. ನಿಯಮವೇನೋ ಆಯಿತು, ಆಚರಣೆಗೆ ಬರಲು ತಲೆಮಾರುಗಳೇ ಹಿಡಿದವು. ಆ ಹುಡುಗನ ಹೆಸರು ಉಳಿದು ಬರಲಿಲ್ಲ. ಆದರೆ 1882ರ ಹಂಟರ್ ಆಯೋಗವೂ, ಮುಂದೆ ಡಾ. ಅಂಬೇಡಕರರೂ ಈ ಪ್ರಕರಣವನ್ನು ಎತ್ತಿ ಹೇಳಿದರು. ನಮ್ಮ ನಾಡಿನ ವಿದ್ಯಾರ್ಥಿಗಳ ಇತಿಹಾಸ ಬರೆಯುವವರು ಮೊದಲ ಪುಟದಲ್ಲಿ ಅವನಿಗೆ ಸ್ಥಳ ಕೊಡಬೇಕು.

ಹೆಣ್ಣುಮಕ್ಕಳ ಸ್ಥಿತಿಯೂ ಸುಖದ್ದಾಗಿರಲಿಲ್ಲ. ಕನ್ನಡ ನಾಲ್ಕು ಇಯತ್ತೆ ಕಲಿತರೆ ಅದೇ ಹೆಚ್ಚು. ಹೈಸ್ಕೂಲಿನ ವರೆಗೆ ಬಂದವರು ಬೆರಳೆಣಿಕೆಯಷ್ಟು.

ಊಟ, ವಸತಿ ಮತ್ತು ಓದು

ಹೈಸ್ಕೂಲು ಇರುತ್ತಿದ್ದುದು ಜಿಲ್ಲೆಯ ಊರಿನಲ್ಲಿ ಇಲ್ಲವೆ ಸಂಸ್ಥಾನದ ರಾಜಧಾನಿಯಲ್ಲಿ. ಹಳ್ಳಿಯಿಂದ ಬಂದ ಹುಡುಗನು ಮೊದಲು ಬಿಡಿಸಬೇಕಾದ ಲೆಕ್ಕ ಬೀಜಗಣಿತದ್ದಲ್ಲ, ಊಟದ್ದು. ಬಡ ಬ್ರಾಹ್ಮಣ ಹುಡುಗರು ವಾರಾನ್ನ ಹಚ್ಚಿಕೊಳ್ಳುತ್ತಿದ್ದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಮತ್ತೊಬ್ಬರ ಮನೆ. ಏಳು ಮನೆ ಸಿಕ್ಕವನು ಪುಣ್ಯವಂತ. ಐದೇ ಸಿಕ್ಕವನಿಗೆ ಉಳಿದೆರಡು ದಿನ ಊರಿನಿಂದ ಕಟ್ಟಿಕೊಂಡು ಬಂದ ರೊಟ್ಟಿ, ಶೇಂಗಾದ ಹಿಂಡಿ. ಒಕ್ಕಲಿಗರ, ಕುಶಲಕರ್ಮಿಗಳ ಮಕ್ಕಳಿಗೆ ಆ ಸೌಕರ್ಯವೂ ಇರಲಿಲ್ಲ. ಅವರಿಗೆ ಆಸರೆಯಾದುವು ಮಠಗಳು ಮತ್ತು ಬೋರ್ಡಿಂಗುಗಳು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮಿಗಳು ನಡೆಸಿದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಕಲಿತವರು ನಾಡಿನ ತುಂಬ ಹರಡಿದ್ದಾರೆ. ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು ಬೇರೆ ಬೇರೆ ಸಮಾಜಗಳ ವಿದ್ಯಾರ್ಥಿಗಳಿಗೆ ವಸತಿಗೃಹಗಳನ್ನು ಕಟ್ಟಿಸಿಕೊಟ್ಟುದು ಗಡಿಭಾಗದ ಕನ್ನಡ ಹುಡುಗರಿಗೂ ಒದಗಿತು.

1916ರ ನವೆಂಬರ 13ರಂದು ಬೆಳಗಾವಿಯಲ್ಲಿ ಏಳು ಜನ ತರುಣರು ಕೂಡಿ ಒಂದು ಆಂಗ್ಲೋ-ವರ್ನಾಕ್ಯುಲರ್ ಸಾಲೆಯನ್ನು ತೆರೆದರು. ಅದೇ ಮುಂದೆ ದಾನಿಗಳ ಹೆಸರಿನಿಂದ ಗಿಲಗಂಚಿ-ಅರಟಾಳ ಹೈಸ್ಕೂಲಾಯಿತು. ಅದರಿಂದ ಬೆಳೆದುದೇ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿ. ಪುಣೆಯಲ್ಲಿ 1884ರಲ್ಲಿ ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿಯನ್ನು ತರುಣ ಶಿಕ್ಷಕರೇ ಕಟ್ಟಿದ್ದರು. ಹಾಗೆಯೇ ಕನ್ನಡ ನಾಡಿನ ಶಿಕ್ಷಣ ಸಂಸ್ಥೆಗಳಿಗೂ ಶಿಕ್ಷಕರ ತ್ಯಾಗವೇ ಅಡಿಗಲ್ಲಾಯಿತು.

ಓದಿನ ರೀತಿಯೂ ಕಠಿಣವಾಗಿದ್ದಿತು. ರಾತ್ರಿ ಕಂದೀಲಿನ ಬೆಳಕು. ನಾಲ್ವರಿಗೆ ಒಂದು ಪುಸ್ತಕ. ಪುಣೆಯ ಡಾ. ಭಾಂಡಾರಕರರ ಸಂಸ್ಕೃತ ಪಾಠಪುಸ್ತಕವನ್ನು ಬಾಯಿಪಾಠ ಮಾಡದೆ ಮೆಟ್ರಿಕ್ಕಿನ ಸಂಸ್ಕೃತ ದಾಟುವಂತಿರಲಿಲ್ಲ. ನಡುವೆ ಪ್ಲೇಗು ಬಂದರೆ ಸಾಲೆಯೂ ಬಂದು, ಊರೂ ಖಾಲಿ. 1898ರಲ್ಲಿ ಹುಬ್ಬಳ್ಳಿ-ಧಾರವಾಡಗಳಲ್ಲಿ ಪ್ಲೇಗು ಹಾವಳಿ ಮಾಡಿದಾಗ ಜನ ಊರ ಹೊರಗೆ ಗುಡಿಸಲು ಹಾಕಿಕೊಂಡು ದಿನ ಕಳೆದರು. ಮನೆಯವರನ್ನು ಕಳೆದುಕೊಂಡು ಓದನ್ನು ಅಲ್ಲಿಗೇ ನಿಲ್ಲಿಸಿದ ಹುಡುಗರ ಹೆಸರು ಯಾವ ಹಾಜರಿ ಪುಸ್ತಕದಲ್ಲಿ ದೊರೆತೀತು?

ಆಟ, ನಾಟಕ, ದೇಶಸೇವೆ

ಇಷ್ಟು ಕಷ್ಟದಲ್ಲಿಯೂ ವಿದ್ಯಾರ್ಥಿ ಜೀವನವು ನೀರಸವಾಗಿರಲಿಲ್ಲ. ಸಂಜೆ ಆಟ್ಯಾಪಾಟ್ಯಾ, ಖೋ-ಖೋ. ನಸುಕಿನಲ್ಲಿ ತಾಲೀಮು, ಮಲ್ಲಕಂಬ. ಚರ್ಚಾಕೂಟಗಳು, ಕೈಬರಹದ ಮಾಸಿಕಗಳು, ವರ್ಷಕ್ಕೊಮ್ಮೆ ಗ್ಯಾದರಿಂಗು. ಗ್ಯಾದರಿಂಗಿನ ನಾಟಕಕ್ಕಾಗಿ ತಿಂಗಳುಗಟ್ಟಲೆ ತಾಲೀಮು ನಡೆಯುತ್ತಿದ್ದಿತು. ರಂಗಭೂಮಿಯ ಮೇಲೆ ಮರಾಠಿ ಕಂಪನಿಗಳೇ ಮೆರೆಯುತ್ತಿದ್ದ ಕಾಲದಲ್ಲಿ ಗದಗಿನಲ್ಲಿ ಕನ್ನಡ ನಾಟಕಗಳನ್ನು ಬರೆದು ಆಡಿಸಿದ ಶಾಂತಕವಿಗಳು (1856–1920) ಸಾಲೆಯ ಮಾಸ್ತರರೇ. ಕನ್ನಡ ಕಾದಂಬರಿಗಳನ್ನು ಬರೆದು, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಗಳಗನಾಥರೂ ಸಾಲೆಯ ಮಾಸ್ತರರೇ. ಪಗಾರ ಅಲ್ಪ, ಕೆಲಸ ಅಪಾರ. ಅಂಥವರ ಕೈಯಲ್ಲಿ ಕಲಿತ ಹುಡುಗರಿಗೆ ಕನ್ನಡವು ಪಠ್ಯಕ್ರಮದ ಹೊರಗಿನಿಂದಲೇ ಹೃದಯವನ್ನು ಹೊಕ್ಕಿತು.

1893ರಲ್ಲಿ ಲೋಕಮಾನ್ಯರು ಪುಣೆಯಲ್ಲಿ ಸಾರ್ವಜನಿಕ ಗಣೇಶೋತ್ಸವವನ್ನು ಆರಂಭಿಸಿದ ಮೇಲೆ ಅದರ ಅಲೆ ಬೆಳಗಾವಿ, ಧಾರವಾಡಗಳಿಗೂ ಮುಟ್ಟಿತು. 1905ರ ವಂಗಭಂಗದ ಬಳಿಕ ಸ್ವದೇಶಿ ಚಳವಳಿ ಸಾಲೆಯ ಅಂಗಳಕ್ಕೇ ಬಂದಿತು. ವಿದ್ಯಾರ್ಥಿಗಳು ರಾಜಕೀಯ ಸಭೆಗಳಿಗೆ ಹೋಗಬಾರದೆಂದು 1907ರಲ್ಲಿ ಸರಕಾರವು ರಿಸ್ಲೇ ಸುತ್ತೋಲೆಯನ್ನು ಹೊರಡಿಸಬೇಕಾಯಿತು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ನಡೆದಾಗ ಡಾ. ನಾ. ಸು. ಹರ್ಡೀಕರರ ಸೇವಾದಳದಲ್ಲಿ ತರುಣರು ಸ್ವಯಂಸೇವಕರಾಗಿ ದುಡಿದರು. ಅಲ್ಲಿ ಸ್ವಾಗತ ಗೀತವನ್ನು ಹಾಡಿದವರಲ್ಲಿ ಇನ್ನೂ ಬಾಲಕಿಯಾಗಿದ್ದ ಗಂಗೂಬಾಯಿ ಹಾನಗಲ್ಲರೂ ಇದ್ದರು. 1942ರ ಆಗಸ್ಟಿನಲ್ಲಿ ಹುಬ್ಬಳ್ಳಿಯ ಬಾಲಕ ನಾರಾಯಣ ಡೋಣಿ ಪೋಲೀಸರ ಗುಂಡಿಗೆ ಬಲಿಯಾದನು. ಸಾಲೆಯ ಚೀಲವನ್ನು ಹೊರುವ ವಯಸ್ಸಿನಲ್ಲಿ ಅವನು ನಾಡಿನ ಭಾರವನ್ನು ಹೊತ್ತನು.

ಪುಣೆಗೆ ಬಂದವರು

1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವ ವರೆಗೆ ಮುಂಬಯಿ ಕರ್ನಾಟಕದಲ್ಲಿ ಕಾಲೇಜೇ ಇರಲಿಲ್ಲ. ಮೆಟ್ರಿಕ್ ಪಾಸಾದವನು ಓದನ್ನು ಮುಂದುವರಿಸಬೇಕಾದರೆ ಸದರ್ನ್ ಮರಾಠಾ ರೇಲ್ವೆಯ ಸಣ್ಣ ಗಾಡಿಯನ್ನು ಹತ್ತಿ ಪುಣೆಗೋ ಮುಂಬಯಿಗೋ ಬರಬೇಕು. ಜಮಖಂಡಿಗೆ ರೇಲ್ವೆಯೂ ಇರಲಿಲ್ಲ. ಎತ್ತಿನ ಗಾಡಿಯಲ್ಲಿ ಕುಡಚಿಯ ಸ್ಟೇಶನ್ನಿಗೆ ಬಂದು ಅಲ್ಲಿಂದ ಮುಂದೆ ಪ್ರಯಾಣ.

ಆ ದಾರಿಯಲ್ಲಿ ಬಂದ ಒಬ್ಬ ಹುಡುಗನೇ ಗುರುದೇವ ರಾ. ದ. ರಾನಡೆಯವರು. 1886ರ ಜುಲೈ 3ರಂದು ಜಮಖಂಡಿಯಲ್ಲಿ ಹುಟ್ಟಿ, ಅಲ್ಲಿಯ ಪರಶುರಾಮಭಾವು ಹೈಸ್ಕೂಲಿನಲ್ಲಿ ಕಲಿತು, 1902ರಲ್ಲಿ ಮೆಟ್ರಿಕ್ ಆದರು. ಸಂಸ್ಕೃತಕ್ಕಾಗಿ ಕೊಡುವ ಜಗನ್ನಾಥ ಶಂಕರಶೇಟ ವಿದ್ಯಾರ್ಥಿವೇತನವನ್ನು ಪಡೆದು ಪುಣೆಯ ಡೆಕ್ಕನ್ ಕಾಲೇಜಿಗೆ ಬಂದರು. ಹೈಸ್ಕೂಲಿನಲ್ಲಿದ್ದಾಗಲೇ, 1901ರಲ್ಲಿ, ಉಮದಿಯ ಭಾವೂಸಾಹೇಬ ಮಹಾರಾಜರಿಂದ ನಾಮೋಪದೇಶವನ್ನು ಪಡೆದಿದ್ದರು. ಮುಂದೆ ಫರ್ಗ್ಯುಸನ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಉಪನಿಷತ್ತುಗಳ ತತ್ತ್ವಜ್ಞಾನವನ್ನು ಕುರಿತ ಅವರ ಹಿರಿಯ ಗ್ರಂಥ 1926ರಲ್ಲಿ ಪುಣೆಯಲ್ಲಿಯೇ ಪ್ರಕಟವಾಯಿತು. ಅಲಾಹಾಬಾದ ವಿಶ್ವವಿದ್ಯಾಲಯದ ಕುಲಪತಿ ಪದವಿಯ ವರೆಗೆ ಏರಿದ ಅವರು ಕಡೆಗೆ ನೆಲೆ ನಿಂತುದು ವಿಜಾಪುರ ಜಿಲ್ಲೆಯ ನಿಂಬಾಳದಲ್ಲಿ. ಮರಾಠಿ ಸಂತರ ಬಗೆಗೆ ಬರೆದಂತೆಯೇ ಕನ್ನಡದ ಶರಣರ, ದಾಸರ ಬಗೆಗೂ ಬರೆದು ಎರಡು ನುಡಿಗಳ ಋಣವನ್ನು ತೀರಿಸಿದರು.

ಕನ್ನಡದ ಕುಲಪುರೋಹಿತರೆನಿಸಿದ ಆಲೂರ ವೆಂಕಟರಾಯರು ಓದಿದುದೂ ಫರ್ಗ್ಯುಸನ್ ಕಾಲೇಜಿನಲ್ಲಿಯೇ. ಮಹಾರಾಷ್ಟ್ರದ ಜನ ತಮ್ಮ ಇತಿಹಾಸವನ್ನು ಅಭಿಮಾನದಿಂದ ಹೇಳಿಕೊಳ್ಳುವುದನ್ನು ಕಂಡವರಿಗೆ, ತಮ್ಮ ನಾಡಿನ ಇತಿಹಾಸ ಎಲ್ಲಿದೆ ಎಂಬ ಪ್ರಶ್ನೆ ಏಳುವುದು ಸಹಜ. 1905ರಲ್ಲಿ ಅವರು ಹಂಪೆಯ ಹಾಳನ್ನು ಕಂಡರು. 1917ರಲ್ಲಿ ‘ಕರ್ನಾಟಕ ಗತವೈಭವ’ ಹೊರಬಂದಿತು. ದ. ರಾ. ಬೇಂದ್ರೆಯವರ ಮನೆಮಾತು ಮರಾಠಿ. ಪುಣೆಯಲ್ಲಿ ಓದಿ 1918ರಲ್ಲಿ ಬಿ.ಎ. ಆಗಿ, ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರಿಕೆಗೆ ನಿಂತರು, ಬರೆದುದು ಕನ್ನಡದಲ್ಲಿ. ಸವಣೂರಿನ ಮಜೀದ್ ಹೈಸ್ಕೂಲಿನಲ್ಲಿ ಓದಿದ ವಿ. ಕೃ. ಗೋಕಾಕರು 1931ರಲ್ಲಿ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಸಣ್ಣ ಊರಿನ ಹೈಸ್ಕೂಲು ಮತ್ತು ಪುಣೆಯ ಕಾಲೇಜು ಎಂಬ ಈ ಎರಡು ಮೆಟ್ಟಿಲುಗಳನ್ನು ಹತ್ತಿದವರು ಇನ್ನೂ ಎಷ್ಟು ಜನವೋ!

ನಮ್ಮ ಪಾಲಿನ ಕೆಲಸ

ಇದರಿಂದ ನಾವು ತಿಳಿಯಬೇಕಾದುದೇನು? ಅಂದಿನ ಹುಡುಗರಿಗೆ ಸಾಲೆಯು ಕನ್ನಡವನ್ನು ಧಾರಾಳವಾಗಿ ಕೊಡಲಿಲ್ಲ. ಮನೆ, ಮಠ, ನಾಟಕ, ಮಾಸ್ತರರು ಕೊಟ್ಟರು. ಇಂದು ನಮ್ಮ ಮಕ್ಕಳ ಸ್ಥಿತಿಯೂ ಅದಕ್ಕಿಂತ ಬಹಳ ಬೇರೆಯಲ್ಲ. ಪುಣೆಯಲ್ಲಿ ಡಾ. ಕಲ್ಮಾಡಿ ಶಾಮರಾವ್ ಅವರ ಹೆಸರಿನ ಕನ್ನಡ ಶಾಲೆಯಂಥ ಪ್ರಯತ್ನಗಳು ನಡೆದಿರುವುದು ನಮ್ಮ ಭಾಗ್ಯ. ಆದರೆ ನಮ್ಮಲ್ಲಿ ಬಹು ಮಂದಿಯ ಮಕ್ಕಳು ಇಂಗ್ಲಿಷಿನಲ್ಲಿ ಓದಿ, ಮರಾಠಿ-ಹಿಂದಿಗಳಲ್ಲಿ ಆಡಿ, ಮನೆಯಲ್ಲಿ ಕನ್ನಡವನ್ನು ಕಿವಿಯಿಂದ ಮಾತ್ರ ಬಲ್ಲವರಾಗಿದ್ದಾರೆ. ಮರಾಠಿಯನ್ನು ಚೆನ್ನಾಗಿ ಕಲಿಯಲಿ. ಉಣಿಸುವ ನಾಡಿನ ನುಡಿಯನ್ನು ಗೌರವಿಸುವುದು ನಮ್ಮ ಧರ್ಮ. ಅದರಿಂದ ಕನ್ನಡಕ್ಕೆ ಹಾನಿಯಿಲ್ಲವೆಂಬುದಕ್ಕೆ ರಾನಡೆ, ಬೇಂದ್ರೆಯವರೇ ಸಾಕ್ಷಿ. ಸೊಲ್ಲಾಪುರದಲ್ಲಿ ಹುಟ್ಟಿ, ಮರಾಠಿಯಲ್ಲಿ ಕಲಿತು, ಕನ್ನಡವನ್ನು ಸ್ವಂತ ಪ್ರಯತ್ನದಿಂದ ಸಾಧಿಸಿದ ಜಯದೇವಿತಾಯಿ ಲಿಗಾಡೆಯವರು 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷರಾದರು. ಆ ಪೀಠವನ್ನೇರಿದ ಮೊದಲ ಮಹಿಳೆ ಅವರು.

ನಮ್ಮ ಸಂಘದ ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ, ಅವರು ಕಲಿತ ಸಾಲೆಯ ಹೆಸರು, ಮಾಸ್ತರರ ಹೆಸರು, ಉಂಡ ಮನೆಗಳ ನೆನಪು, ಆಡಿದ ನಾಟಕಗಳ ಸುದ್ದಿ ಇವನ್ನು ಕೇಳಿ ಬರೆದಿಡಿರಿ. ಬರೆಯುವ ಕೆಲಸವನ್ನು ಮೊಮ್ಮಕ್ಕಳಿಂದಲೇ, ಕನ್ನಡ ಅಕ್ಷರಗಳಲ್ಲಿಯೇ ಮಾಡಿಸಿರಿ. ಎರಡು ಕೆಲಸಗಳು ಒಟ್ಟಿಗೆ ಆಗುವುವು.

ಅಂದು ಬ್ಯಾಂಕಿಗೆ ಬಂದಿದ್ದ ಹಿರಿಯರು ಹೊರಡುವಾಗ ಮೊಮ್ಮಗನು ನಮ್ಮ ಮೇಜಿನ ಮೇಲಿನ ಫಾರ್ಮನ್ನು ಮತ್ತೊಮ್ಮೆ ನೋಡಿ, “ಅಜ್ಜಾ, ಇದರಾಗ ನಿಮ್ಮ ಹೆಸರಿನ ಮೊದಲನೇ ಅಕ್ಷರ ಯಾವುದು?” ಎಂದು ಕೇಳಿದನು. ಅಜ್ಜನವರು ಕೋಲನ್ನು ಗೋಡೆಗೆ ಆನಿಸಿ, ಬೆರಳಿಟ್ಟು ತೋರಿಸಿದರು. ಹಿಂದೆ ಸಾಲು ಬೆಳೆದಿತ್ತು. ಆದರೂ ನಾವು ಅವಸರ ಮಾಡಲಿಲ್ಲ.